ಕಾರು ಒರೆಸೋ ಬಟ್ಟೆಯ ಪುರಾಣ

ನಮ್ಮ ಬಾಲ್ಕನಿಯ ತಂತಿ ಮೇಲೆ ಸಾಲಾಗಿ ಒಣಗ್ತಾ ಇರೋ ಪುಟ್ಟ ಪುಟ್ಟ ಚೌಕದ ಬಟ್ಟೆಗಳನ್ನ ನೋಡಿ ಎದುರು ಫ್ಲ್ಯಾಟಿನ ಆಂಟಿ ಮೊನ್ನೆ ಲಿಫ್ಟಿನಲ್ಲಿ ಅಮ್ಮನ್ನ ಕೇಳಿದರಂತೆ, "ಏನ್ರೀ, ಮನೇಲಿ ಬಾಣಂತನ ನಡೀತಾ ಇದೆಯಾ? ಹೇಳಲೇ ಇಲ್ಲ!" ಅಮ್ಮ ಏನೂ ಗಾಬರಿಯಾಗದೆ, "ಹೂಂ ಕಣ್ರೀ, ಕೂಸು ಬೇಸ್‌ಮೆಂಟಲ್ಲೈತೆ. ಸ್ವಲ್ಪ ಕಪ್ಪಗೈತೆ ಅಷ್ಟೆ" ಅಂದಳಂತೆ.

ಆ ಕಪ್ಪು ಕೂಸು ನಮ್ಮ ಕಾರು. ಬಟ್ಟೆಗಳು ಅದನ್ನ ಒರೆಸೋ ಮೈಕ್ರೋಫೈಬರ್ ಟವೆಲ್ಲುಗಳು. ಒಟ್ಟು ಹದಿನಾಲ್ಕು ಇವೆ. ಹೆಂಡತಿ ಹೇಳೋ ಪ್ರಕಾರ ಮನೇಲಿ ನನಗಿರೋ ಅಂಗಿಗಳಿಗಿಂತ ಜಾಸ್ತಿ. ತುಂಬಾ ದಿನದಿಂದ ಇಲ್ಲಿ ಏನೂ ಬರೆದಿಲ್ಲ, ಬರೆಯೋಣ ಅಂತ ಕೂತರೆ ಕಣ್ಣೆದುರಿಗೆ ಇವೇ ನೇತಾಡ್ತಾ ಇವೆ. ಇವನ್ನೇ ಬರೆದುಬಿಡ್ತೀನಿ. ಕಾರಿಲ್ಲದವರು ಬೈಕೋಬೇಡಿ, ಇದರಲ್ಲಿ ಕಾರಿಗಿಂತ ನಮ್ಮಪ್ಪ ಜಾಸ್ತಿ ಇದಾರೆ.

ಅಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಸ್ಪಿನ್ನಿಂಗ್ ಜಾಬರ್ ಆಗಿದ್ದವರು. ಗಿರಣಿ ಮುಚ್ಚಿ ಎಷ್ಟೋ ವರ್ಷ ಆಯ್ತು, ಅಪ್ಪನ ಒಳಗಿನ ಜಾಬರ್ ಮಾತ್ರ ಇನ್ನೂ ರಿಟೈರ್ ಆಗಿಲ್ಲ. ಯಾರಾದರೂ ಹೊಸ ಅಂಗಿ ಹಾಕ್ಕೊಂಡು ಬಂದರೆ ಮೊದಲು ಅದರ ತುದಿ ಹಿಡಿದು ಬೆರಳಲ್ಲಿ ತಿಕ್ಕಿ ನೋಡ್ತಾರೆ, ಆಮೇಲೆ "ಆರಾಮಾ?" ಅಂತ ಕೇಳ್ತಾರೆ. ನಾನು ಚಿಕ್ಕವನಿದ್ದಾಗ ಮನೇಲಿ ಒಂದು ಬಜಾಜ್ ಚೇತಕ್ ಇತ್ತು. ಪ್ರತಿ ಭಾನುವಾರ ಬೆಳಿಗ್ಗೆ ಅದಕ್ಕೆ ಅಭ್ಯಂಜನ. ಗಿರಣಿಯಿಂದ ತಂದ ಹತ್ತಿ ವೇಸ್ಟು, ಇಲ್ಲಾಂದ್ರೆ ಅವರದೇ ಹರಿದ ಬನಿಯನ್ನು. ತಿಕ್ಕಿ ತಿಕ್ಕಿ ಅದರಲ್ಲಿ ಮುಖ ಕಾಣಬೇಕು, ಅಲ್ಲೀವರೆಗೆ ಬಿಡ್ತಿರಲಿಲ್ಲ. ನನ್ನ ಮೊದಲ ತಲೆ ಬಾಚೋ ಕನ್ನಡಿ ಆ ಸ್ಕೂಟರಿನ ಡಿಕ್ಕಿ ಮುಚ್ಚಳವೇ.

2023ರ ದಸರಾಕ್ಕೆ ನಾನು ಬೆಂಗಳೂರಲ್ಲಿ ಕಾರು ತಗೊಂಡೆ. ನಮ್ಮ ಮನೆತನದಲ್ಲೇ ಮೊದಲ ಕಾರು. ಕಪ್ಪು ಬಣ್ಣ ಬೇಡ ಅಂತ ಎಲ್ಲರೂ ಹೇಳಿದರು. ಕೇಳಲಿಲ್ಲ. ಅಪ್ಪ ಅಮ್ಮ ಆಗಷ್ಟೇ ಊರಿನ ಮನೆ ಬಾಡಿಗೆಗೆ ಕೊಟ್ಟು ನಮ್ಮ ಜೊತೆ ಬಂದಿದ್ದರು. ಎಪ್ಪತ್ತೆಂಟರ ಅಪ್ಪನಿಗೆ ಬೆಂಗಳೂರಲ್ಲಿ ಮಾಡೋಕೆ ಕೆಲಸ ಅಂತ ಸಿಕ್ಕಿದ್ದು ಆ ಕಾರೊಂದೇ. ದಿನಾ ಬೆಳಿಗ್ಗೆ ಕಾಫಿ ಕುಡಿದು, ಹೆಗಲ ಮೇಲೆ ಬನಿಯನ್ ಚೂರು ಹಾಕ್ಕೊಂಡು ಬೇಸ್‌ಮೆಂಟಿಗೆ ಇಳೀತಿದ್ದರು. ರಾತ್ರಿ ಕೂತ ಧೂಳನ್ನ ಒಣಬಟ್ಟೆಯಲ್ಲೇ ಬಾನೆಟ್ಟಿಂದ ಡಿಕ್ಕಿವರೆಗೆ ತಿಕ್ಕೋದು. ನಾನು ಆಫೀಸಿಗೆ ಹೊರಡೋ ಹೊತ್ತಿಗೆ ಪಕ್ಕದಲ್ಲಿ ನಿಂತು, "ಹೆಂಗೈತೆ?" ಅಂತ ಹುಬ್ಬು ಹಾರಿಸೋದು. ಚೆನ್ನಾಗೇ ಇರ್ತಿತ್ತು, ನೆರಳಲ್ಲಿ.

ಡಿಸೆಂಬರಿನ ಒಂದು ದಿನ ಮಧ್ಯಾಹ್ನದ ಬಿಸಿಲಲ್ಲಿ ಕಾರು ನಿಲ್ಲಿಸಿ ತಿರುಗಿ ನೋಡಿದೆ. ಬಾನೆಟ್ ಮೇಲೆ ಸೂರ್ಯನ ಸುತ್ತ ಜೇಡರ ಬಲೆ ಕಟ್ಟಿದ ಹಾಗೆ ಸಾವಿರಾರು ಸಣ್ಣ ಗೀರು! ಎರಡು ತಿಂಗಳ ಕಾರು, ಇನ್ನೂ ಸೀಟಿನ ಪ್ಲಾಸ್ಟಿಕ್ ವಾಸನೆ ಹೋಗಿಲ್ಲ. ಸಂಜೆ ಬಂದವನೇ ಬೇಸ್‌ಮೆಂಟಲ್ಲಿ ನಿಂತು ಅಪ್ಪನ ಮೇಲೆ ಕೂಗಾಡಿಬಿಟ್ಟೆ. "ಇದೇನ್ ನಿಮ್ಮ ಚೇತಕ್ ಅಂದ್ಕೊಂಡ್ರಾ? ಮುಟ್ಟಬೇಡಿ ಇನ್ಮೇಲೆ" ಅಂದೆ. ವಾಚ್‌ಮನ್ ಇದ್ದ, ಮೂರನೇ ಮಹಡಿಯವರು ಇದ್ದರು. ಅಪ್ಪ ಏನೂ ಅನ್ನಲಿಲ್ಲ. ಬನಿಯನ್ ಚೂರನ್ನ ಮಡಚಿ ಜೇಬಿಗೆ ಹಾಕ್ಕೊಂಡು ಲಿಫ್ಟ್ ಹತ್ತಿದರು. ಮಾರನೇ ದಿನದಿಂದ ಕಾಫಿ ಆದಮೇಲೆ ಪೇಪರ್ ಓದೋಕೆ ಶುರು ಮಾಡಿದರು. ಅದೇ ಪೇಪರ್, ಹನ್ನೊಂದು ಗಂಟೆವರೆಗೆ.

ಜನವರಿಯಲ್ಲಿ ಒಂದು ಡೀಟೇಲಿಂಗ್ ಅಂಗಡಿಗೆ ಕಾರು ಒಯ್ದೆ. ಅಲ್ಲಿನ ಹುಡುಗ ಟಾರ್ಚ್ ಬಿಟ್ಟು ತೋರಿಸಿ ಪಾಠ ಮಾಡಿದ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಇರುತ್ತೆ. ದಪ್ಪ ಅಂದರೆ ಸುಮಾರು 40-50 ಮೈಕ್ರಾನ್, ಅಂದರೆ ನಮ್ಮ ತಲೆಕೂದಲಿಗಿಂತ ತೆಳು. ಗೀರು ಬಿದ್ದಿರೋದು ಅದರ ಮೇಲೆ. ಪಾಲಿಶ್ ಮಾಡೋದು ಅಂದರೆ ಆ ಪದರವನ್ನೇ ಒಂದಿಷ್ಟು ಸವೆಸಿ ಮಟ್ಟ ಮಾಡೋದು. ಹಾಗಾಗಿ ಗೀರು ಬಿದ್ದಾಗೆಲ್ಲ ಮಾಡಿಸ್ತಾ ಹೋದರೆ ಒಂದು ದಿನ ಪದರವೇ ಇರಲ್ಲ. ಪಾಲಿಶ್ ಮಾಡಿಸಿದೆ. ಎಷ್ಟಾಯ್ತು ಅಂತ ಇಲ್ಲಿ ಬರೆಯಲ್ಲ, ಹೆಂಡತಿಯೂ ಈ ಬ್ಲಾಗ್ ಓದ್ತಾಳೆ :-)

ಅವತ್ತಿಂದ ನಾನು ಬಟ್ಟೆ ಪಂಡಿತನಾದೆ. ರಾತ್ರಿಯೆಲ್ಲ ಓದಿದ್ದೇ ಓದಿದ್ದು. ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ. ಮುನ್ನೂರರ ಆಸುಪಾಸಿನದು ಗಾಜಿಗೆ, ಡ್ಯಾಶ್‌ಬೋರ್ಡಿಗೆ, ಒಳಗಿನ ಕೆಲಸಕ್ಕೆ ಸಾಕು. ಬಣ್ಣದ ಮೇಲೆ ಆಡಿಸೋಕೆ ನಾನೂರು, ಐನೂರರ ಕುಚ್ಚು ಇರೋದು ಬೇಕು, ಧೂಳಿನ ಕಣ ಆ ಕುಚ್ಚಿನೊಳಗೆ ಇಳೀಬೇಕು, ಮೇಲೆ ನಿಂತು ಉಜ್ಜಬಾರದು. ನೀರು ಒರೆಸೋದಕ್ಕೆ ಎಂಟುನೂರರಿಂದ ಸಾವಿರದ ಮೇಲಿನ ದಪ್ಪ ಟವೆಲ್, ಒಂದಿದ್ದರೆ ಇಡೀ ಕಾರಿನ ನೀರು ಕುಡಿಯುತ್ತೆ. ಅಂಚಿಗೆ ಗಟ್ಟಿ ಹೊಲಿಗೆ ಇರಬಾರದು. ಮೂಲೆಯಲ್ಲಿ ಹೊಲಿದ ಕಂಪನಿ ಚೀಟಿ ಕತ್ತರಿಸಿ ಬಿಸಾಡಬೇಕು, ಗೀರೋದು ಎಷ್ಟೋ ಸಲ ಅದೇ. ಎಂಬತ್ತು ಭಾಗ ಪಾಲಿಯೆಸ್ಟರ್ ಇಪ್ಪತ್ತು ಭಾಗ ಪಾಲಿಅಮೈಡ್ ಇರೋದು ಒಳ್ಳೇದೋ, ಎಪ್ಪತ್ತು-ಮೂವತ್ತು ಒಳ್ಳೇದೋ ಅಂತ ಜನ ಜಗಳಾಡೋದನ್ನೂ ಓದಿದೆ. (ಪಾಲಿಅಮೈಡ್ ಅಂದರೆ ನಮ್ಮ ನೈಲಾನ್ ಮನೆತನದ್ದೇ.) ಎರಡೂ ತರಿಸಿದೆ. ನನ್ನ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ.

2024ರ ಮಾರ್ಚ್ ನಿಮಗೆಲ್ಲ ನೆನಪಿರಬೇಕು. ಬೋರ್‌ವೆಲ್‌ಗಳು ಎಷ್ಟೋ ಬತ್ತಿ, ಕುಡಿಯೋ ನೀರಲ್ಲಿ ವಾಹನ ತೊಳೆಯೋ ಹಾಗಿಲ್ಲ, ತೊಳೆದರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸ್ತು. ಪೈಪ್ ಹಿಡಿಯೋ ಮಾತೇ ಇಲ್ಲ. ಬಹಳ ಮನೆಯವರಿಗೆ ಉಳಿದಿದ್ದು ಕಾರು ಒರೆಸೋ ಹುಡುಗ ಒಬ್ಬನೇ. ಇಪ್ಪತ್ತು ಕಾರಿಗೆ ಒಂದು ಬಕೆಟ್, ಒಂದು ಬಟ್ಟೆ. ಅವನದ್ದೇನು ತಪ್ಪು, ನಾವು ತಿಂಗಳಿಗೆ ಕೊಡೋ ದುಡ್ಡಿಗೆ ಇಪ್ಪತ್ತು ಬಟ್ಟೆ ಎಲ್ಲಿಂದ ತರ್ತಾನೆ. ನಾನು 'ರಿನ್ಸ್‌ಲೆಸ್' ವಿಧಾನಕ್ಕೆ ಹೋದೆ. ಟೆರೇಸಿಂದ ಹಿಡಿದಿಟ್ಟ ಆರ್‌ಓ ವೇಸ್ಟ್ ನೀರು ಅರ್ಧ ಬಕೆಟ್, ಅದಕ್ಕೆ ಒಂದು ಮುಚ್ಚಳ ಲಿಕ್ವಿಡ್ಡು, ಅದರಲ್ಲಿ ಏಳೆಂಟು ಟವೆಲ್ ನೆನೆಹಾಕೋದು. ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತೆ. ಒಂದು ಮುಖ ಒಂದು ಸಲ ಎಳೆದ ಮೇಲೆ ಮತ್ತೆ ಮುಟ್ಟಬಾರದು, ಮುಂದಿನ ಮುಖಕ್ಕೆ ತಿರುಗಿಸಬೇಕು. ಎಂಟೂ ಆದರೆ ಆ ಟವೆಲ್ ಪಕ್ಕಕ್ಕೆ, ವಾಪಸ್ ಬಕೆಟ್ಟಿಗೆ ಹಾಕಬಾರದು. ಐದಾರು ಲೀಟರಲ್ಲಿ ಇಡೀ ಕಾರು ಸ್ವಚ್ಛ. ಹೆಮ್ಮೆಯಿಂದ ಬೀಗಿದ್ದೆ.

ಏಪ್ರಿಲ್ ಕೊನೆಗೆ ಅದೇ ಬಿಸಿಲು, ಅದೇ ಬಾನೆಟ್. ಮತ್ತೆ ಜೇಡರ ಬಲೆ.

ಈ ಸಲ ಕೂಗಾಡೋಕೆ ಯಾರೂ ಇರಲಿಲ್ಲ. ಅಪ್ಪ ನಾಲ್ಕು ತಿಂಗಳಿಂದ ಕಾರಿನ ಹತ್ತಿರ ಸುಳಿದಿಲ್ಲ. ಮುಟ್ಟಿದವನು ನಾನೊಬ್ಬನೇ, ಅದೂ ದುಬಾರಿ ಟವೆಲ್ಲಿಂದ. ಬೇಸ್‌ಮೆಂಟಲ್ಲಿ ಕೂತು ಒಂದು ಟವೆಲ್ ಎತ್ತಿ ಮೊಬೈಲ್ ಟಾರ್ಚಲ್ಲಿ ನೋಡಿದೆ. ಕುಚ್ಚಿನ ತುಂಬಾ ಬೆಡ್‌ಶೀಟಿನ ಹತ್ತಿ ಜುಂಗು, ಕರಗದೆ ಉಳಿದ ಸೋಪ್ ಪುಡಿಯ ಬಿಳಿ ಹರಳು, ಮಧ್ಯೆ ಮಧ್ಯೆ ಮಿನುಗೋ ಮರಳಿನ ಕಣ. ನಾನು ಅಷ್ಟೆಲ್ಲ ಓದಿದ್ದು ಬಟ್ಟೆ ಕೊಳ್ಳೋದರ ಬಗ್ಗೆ. ತೊಳೆಯೋದಕ್ಕೆ ಮಾತ್ರ ಮನೆಯ ಉಳಿದ ಬಟ್ಟೆ ಜೊತೆ ಮಷೀನಿಗೆ ತುರುಕ್ತಾ ಇದ್ದೆ. ಮರಳು ಅಂದರೆ ಬಹುಪಾಲು ಸಿಲಿಕಾ, ಚಾಕುವಿನ ಉಕ್ಕಿಗಿಂತ ಗಟ್ಟಿ. ಅದೊಂದು ಕಣ ಸಿಕ್ಕಿಕೊಂಡರೆ ಬನಿಯನ್ ಆದರೇನು, ಸಾವಿರ ರೂಪಾಯಿ ಟವೆಲ್ ಆದರೇನು, ಅದು ಉಪ್ಪುಕಾಗದವೇ.

ಅವತ್ತು ರಾತ್ರಿ ಟವೆಲ್ಲುಗಳನ್ನೆಲ್ಲ ಹಾಲಿನಲ್ಲಿ ಹರವಿಕೊಂಡು ಚಿಮಟದಲ್ಲಿ ಜುಂಗು ಕೀಳ್ತಾ ಕೂತಿದ್ದೆ. ಕ್ಷಮೆ ಕೇಳಬೇಕು ಅಂತ ಮನಸ್ಸಿನಲ್ಲಿತ್ತು. ಹೇಗೆ ಶುರು ಮಾಡೋದು ಗೊತ್ತಾಗಲಿಲ್ಲ. ನಮ್ಮ ಮನೆಗಳಲ್ಲಿ ಅಪ್ಪಂದಿರಿಗೆ ಸಾರಿ ಕೇಳೋ ಪದ್ಧತಿ ಎಲ್ಲಿದೆ ಹೇಳಿ. ಅಪ್ಪ ನೀರು ಕುಡಿಯೋಕೆ ಎದ್ದು ಬಂದವರು ನಿಂತರು. ಬಗ್ಗಿ ಒಂದು ಟವೆಲ್ ಎತ್ತಿ, ಅಭ್ಯಾಸಬಲ, ಬೆರಳಲ್ಲಿ ತಿಕ್ಕಿದರು.

"ಇದೇನ್ ಹತ್ತಿ ಅಲ್ಲ."

"ಅಲ್ಲಪ್ಪ, ಮೈಕ್ರೋಫೈಬರ್. ರೇಷ್ಮೆಗಿಂತ ಸಣ್ಣ ಎಳೆ. ಒಂಬತ್ತು ಸಾವಿರ ಮೀಟರ್ ಎಳೆ ಒಂದು ಗ್ರಾಂ ತೂಗಿದರೆ ಒಂದು ಡೆನಿಯರ್ ಅಂತೆ, ಇದು ಅದಕ್ಕಿಂತಲೂ ಕಮ್ಮಿ. ನಿಮ್ಮ ನಲವತ್ತರ ಕೌಂಟ್ ನೂಲು ಇದರ ಮುಂದೆ ಹಗ್ಗ."

ಅಪ್ಪ ನನ್ನ ಮುಖ ನೋಡಿದರು. ಎಷ್ಟೋ ತಿಂಗಳ ಮೇಲೆ ಆ ಕಣ್ಣಲ್ಲಿ ಜಾಬರ್ ಕಂಡ. "ಲೇ, ನೂಲಿಗೂ ಎಳೆಗೂ ಫರಕ್ಕು ಗೊತ್ತಿಲ್ದೆ ಮಾತಾಡ್ತೀಯಲ್ಲೋ. ಕೌಂಟು ಅಂದ್ರೆ ನೂಲಿಂದು. ಒಂದು ಪೌಂಡಿಗೆ 840 ಗಜದ ಲಡಿ ಎಷ್ಟು ಬರ್ತಾವೆ ಅನ್ನೋದು. ಆ ನೂಲೊಳಗೆ ಹತ್ತಿ ಎಳೆ ನೂರಾರು ಇರ್ತಾವೆ. ಹತ್ತಿ ಎಳೆ ಒಂದೇ ಹಿಡಿದ್ರೆ ನಿನ್ ಲೆಕ್ಕದಾಗೆ ಒಂದೂವರೆ ಡೆನಿಯರ್ ಆಗ್ಬೋದು. ನಿಂದು ಅರ್ಧ ಇರ್ಬೋದು. ಅದಕ್ಕೇನ್ ಹಗ್ಗ ಅಂತೀಯ?"

ನಾನು ಬಾಯಿ ಮುಚ್ಚಿಕೊಂಡೆ. ಅಪ್ಪ ಟವೆಲಿನ ಅಂಚಿಂದ ಒಂದು ಎಳೆ ಕಿತ್ತು ಅಡುಗೆಮನೆಗೆ ಹೋಗಿ ಸ್ಟೌ ಹಚ್ಚಿ, ಚಿಮಟದಲ್ಲಿ ಹಿಡಿದು ಸುಟ್ಟರು. ಉರಿಯೋ ಬದಲು ಅದು ಮುದುರಿ ಕರಗಿ ಕರೀ ಮಣಿ ಆಯ್ತು. "ಪಾಲಿಯೆಸ್ಟರು. ಹತ್ತಿ ಆಗಿದ್ರೆ ಕಾಗದ ಸುಟ್ಟಂಗೆ ವಾಸನೆ ಬಂದು ಬೂದಿ ಆಗ್ತಿತ್ತು." ನಾನು ಸಿಗ್ನಲ್ಲಿನಲ್ಲಿ ಕೊಂಡ ಹಳದಿ ಬಟ್ಟೆ ಒಂದಿತ್ತು, ಅದನ್ನೂ ಪರೀಕ್ಷೆ ಮಾಡಿದರು. ಅದೂ ಮಣಿಯೇ. ಆದರೆ ಒಣ ಅಂಗೈ ಮೇಲೆ ಎಳೆದಾಗ ಒಳ್ಳೇ ಟವೆಲ್ ಅಪ್ಪನ ಒರಟು ಚರ್ಮಕ್ಕೆ ಕಚ್ಚಿಕೊಂಡಿತು, ಹಳದಿಯದು ಜಾರಿಹೋಯ್ತು. ನಲ್ಲಿ ಕೆಳಗೆ ಹಿಡಿದರೆ ಅದು ನೀರನ್ನ ಕುಡಿಯೋ ಬದಲು ದಬ್ಬುತ್ತೆ. ಯಾಕೆ ಅಂತ ಹೇಳೋ ಸರದಿ ನಂದು. ಈ ಎಳೆಯನ್ನ ಮಾಡೋವಾಗಲೇ ಒಳಗೆ ನಕ್ಷತ್ರದಂಥ ಪಾಲಿಅಮೈಡ್, ಅದರ ಸಂದುಗಳಲ್ಲಿ ಪಾಲಿಯೆಸ್ಟರ್ ಹೋಳು, ಕಿತ್ತಳೆ ತೊಳೆ ಥರ ಇರುತ್ತೆ. ಆಮೇಲೆ ಅದನ್ನ ಸೀಳ್ತಾರೆ. ಸೀಳಿದ ಅಂಚುಗಳ ಸಂದಿಯಲ್ಲೇ ಧೂಳೂ ನೀರೂ ಸಿಕ್ಕಿಕೊಳ್ಳೋದು. ಸೀಳದೇ ಇದ್ದರೆ ಹೆಸರಿಗಷ್ಟೇ ಮೈಕ್ರೋಫೈಬರ್. ಇಂಥ ಅತಿಸಣ್ಣ ಎಳೆಯಿಂದ 1970ರಲ್ಲೇ ಜಪಾನಿನ ತೋರೇ ಕಂಪನಿ ಚರ್ಮದಂಥ ಬಟ್ಟೆ ಮಾಡಿತ್ತು ಅಂದೆ. "ಆವಾಗ ನಾನು ಗಿರಣಿಲಿದ್ದೆ" ಅಂದರು ಅಪ್ಪ, ತೋರೇ ಕಂಪನಿಯವರು ತಮಗೊಂದು ಮಾತು ಹೇಳಬೇಕಿತ್ತು ಅನ್ನೋ ಹಾಗೆ.

ಆಮೇಲೆ ಚಿಮಟ ನನ್ನ ಕೈಯಿಂದ ಇಸ್ಕೊಂಡು ಜುಂಗು ತೋರಿಸಿದರು. "ಹತ್ತಿ ಜೊತೆ ಒಗೆದಿದೀಯ. ಸಿಕ್ಕಿದ್ದನ್ನೆಲ್ಲ ಹಿಡಿಯೋದೇ ಇದರ ಕೆಲಸ ಅಂತ ನೀನೇ ಹೇಳ್ತೀಯ, ಮಷೀನೊಳಗೆ ಮಾತ್ರ ಹಿಡೀಬಾರ್ದಾ?" ಸ್ವಲ್ಪ ಹೊತ್ತು ಬಿಟ್ಟು, "ಗಿರಣಿಲಿ ಮೊದ್ಲು ಬ್ಲೋ ರೂಮು, ಆಮೇಲೆ ಕಾರ್ಡಿಂಗು. ಮಣ್ಣು ಕಸ ಉದುರಿಸದೆ ಯಾರಾದ್ರೂ ಹತ್ತಿ ಬಾಚ್ತಾರಾ? ಮುಳ್ಳು ಹಾಳಾಗ್ತಾವೆ. ಕಾರಿಗೂ ಹಂಗೇ ಮಾಡ್ಬೇಕಿತ್ತು. ನಾನೂ ಒಣಬಟ್ಟೇಲಿ ತಿಕ್ಕಿದ್ದು ತಪ್ಪೇ" ಅಂದರು.

"ನಾನು ಅವತ್ತು ಹಂಗೆಲ್ಲ ಕೂಗಬಾರದಿತ್ತಪ್ಪ" ಅಂದೆ. ಅಪ್ಪ ಟವೆಲ್ ಕೊಡವುತ್ತಾ, "ಬಕೆಟ್ ಎಲ್ಲೈತೆ?" ಅಂದರು.

ರಾತ್ರಿ ಹನ್ನೊಂದೂವರೆಗೆ ನಾವಿಬ್ಬರೂ ಬಚ್ಚಲಲ್ಲಿ ಬಟ್ಟೆ ನೆನೆಹಾಕಿದೆವು. ಅವತ್ತಿಂದ ತೊಳೆಯೋ ಖಾತೆ ಅಪ್ಪನದು. ಅವರ ಪದ್ಧತಿ ಹೀಗಿದೆ. ಒಣಗಿದ್ದನ್ನ ಮೊದಲು ಬಾಲ್ಕನಿಯಿಂದ ಜೋರಾಗಿ ಕೊಡವೋದು (ಕೆಳಗಿನ ಮನೆಯವರ ದೂರು ಒಂದು ಸಲ ಬಂದಿದೆ). ಬಕೆಟ್ಟಲ್ಲಿ ಅರ್ಧ ಗಂಟೆ ನೆನೆಸಿ ಅಲುಗಾಡಿಸಿದರೆ ತಳದಲ್ಲಿ ಮರಳು ಕೂರುತ್ತೆ. ಮೊದಲ ಸಲ ಆ ಮರಳನ್ನ ಬೆರಳಲ್ಲಿ ಎತ್ತಿ ನನಗೆ ತೋರಿಸಿದ್ದರು, ಏನೂ ಹೇಳದೆ. ಆಮೇಲೆ ಮಷೀನಿಗೆ, ಇವಷ್ಟೇ, ಬೇರೆ ಯಾವ ಬಟ್ಟೆಯೂ ಇಲ್ಲ. ಪುಡಿ ಬೇಡ, ಲಿಕ್ವಿಡ್ಡು, ಅದೂ ಅರ್ಧ ಮುಚ್ಚಳ. ನೀರು ಉಗುರು ಬೆಚ್ಚಗೆ, ನಲವತ್ತು ಡಿಗ್ರಿ ದಾಟಬಾರದು. ಬ್ಲೀಚ್ ಸುಳೀಬಾರದು. ಒಂದು ಸಲ ಜಾಸ್ತಿ ಜಾಲಿಸೋದು. ನಮ್ಮದು ಬೋರ್ ನೀರು, ಉಪ್ಪು ಕೂತು ಟವೆಲ್ ಹಪ್ಪಳ ಆಗುತ್ತೆ, ಅದಕ್ಕೆ ಕೊನೇ ಜಾಲಿಕೆಗೆ ಒಂದಿಷ್ಟು ಬಿಳೀ ವಿನೆಗರ್. ಒಣಗಿಸೋದು ನೆರಳಲ್ಲಿ. ಇಸ್ತ್ರಿ ಮುಟ್ಟಿಸೋ ಹಾಗಿಲ್ಲ, ಕರೀ ಮಣಿ ನೆನಪಿರಲಿ.

ಒಂದು ಸಲ ಹೆಂಡತಿ ಪಾಪ ಸಹಾಯ ಮಾಡೋಣ ಅಂತ ಸುವಾಸನೆಯ ಸಾಫ್ಟನರ್ ಹಾಕಿಬಿಟ್ಟಳು. ಟವೆಲ್ಲೇನೋ ಮೊಲದ ಮರಿ ಥರ ಮೆತ್ತಗಾಯ್ತು. ಕಾರಿಗೆ ಹಿಡಿದರೆ ನೀರು ಕುಡಿಯಲ್ಲ, ಜಿಡ್ಡಿನ ಗೆರೆ ಎಳೆಯುತ್ತೆ. ಆ ಜಿಡ್ಡು ಎಳೆಗಳ ಸಂದಿ ಮುಚ್ಚಿಹಾಕಿತ್ತು. ಬೆಚ್ಚಗಿನ ನೀರಲ್ಲಿ ಮೂರು ಸಲ ಒಗೆದ ಮೇಲೆ ದಾರಿಗೆ ಬಂತು. ಅಮ್ಮ ಒಂದೊಂದರ ಮೂಲೆಗೂ ಬಣ್ಣದ ದಾರದ ಗುರುತು ಹಾಕಿದಾಳೆ. ಹಸಿರು ಬಾನೆಟ್ಟು ಬಾಗಿಲಿಗೆ, ನೀಲಿ ಗಾಜಿಗೆ, ಕೆಂಪು ಚಕ್ರಕ್ಕೆ. ಹಸಿರು ಮುಂದೆ ಕೆಂಪಾಗಬಹುದು, ಕೆಂಪು ಯಾವತ್ತೂ ಹಸಿರಾಗಬಾರದು. ನೆಲಕ್ಕೆ ಬಿದ್ದ ಟವೆಲ್ ಆ ದಿನ ಮತ್ತೆ ಕಾರು ಮುಟ್ಟಬಾರದು. ಬಡಿಸೋವಾಗ ನೆಲಕ್ಕೆ ಬಿದ್ದ ಸೌಟಿನ ಹಾಗೆ, ಮಡಿ ಅಂದರೆ ಮಡಿ.

ಇದೆಲ್ಲದರ ಬಗ್ಗೆ ನನಗೊಂದು ಕಸಿವಿಸಿಯೂ ಇದೆ. ಎಷ್ಟೇ ಹೊಗಳಿದರೂ ಇದು ಪ್ಲಾಸ್ಟಿಕ್ಕೇ. ಪ್ರತಿ ಸಲ ಒಗೆದಾಗ ಕಣ್ಣಿಗೆ ಕಾಣದ ಚೂರುಗಳು ನೀರಲ್ಲಿ ಹೋಗ್ತವೆ, ಆ ನೀರು ಯಾವ ಕೆರೆಗೆ ಹೋಗುತ್ತೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಅಪ್ಪನ ಹತ್ತಿ ಬನಿಯನ್ ಮಣ್ಣಲ್ಲಿ ಮಣ್ಣಾಗ್ತಿತ್ತು. ಕಾರಿಗೆ ಮೊದಲು ನೀರು ಸಿಂಪಡಿಸಿ ಧೂಳು ಇಳಿಸಿಬಿಟ್ಟರೆ ಮೆತ್ತನೆ ಹತ್ತಿಯೂ ನಡೆಯುತ್ತೆ ಅನ್ನೋದು ಅಪ್ಪನ ವಾದ, ಅದನ್ನ ನಾನು ಪೂರ್ತಿ ಒಪ್ಪಿಲ್ಲ, ತಳ್ಳಿಹಾಕೋಕೂ ಆಗಿಲ್ಲ. ಈಗ ಭಾನುವಾರಗಳಲ್ಲಿ ನಾವಿಬ್ಬರೂ ಬೇಸ್‌ಮೆಂಟಲ್ಲಿ ಇರ್ತೀವಿ. ನಾನು ಎಡಭಾಗ, ಅವರು ಬಲಭಾಗ. ಮೊದಲು ಸಿಂಪಡಿಸಿ ಐದು ನಿಮಿಷ ಕಾಯ್ತೀವಿ, ಧೂಳು ನೆನೆದು ಸಡಿಲ ಆಗಬೇಕಲ್ಲ. ಆ ಐದು ನಿಮಿಷದಲ್ಲಿ ಗಿರಣಿಯ ಕಥೆ ಬರುತ್ತೆ. ಕಾರ್ಡಿಂಗ್ ಖಾತೆಯಲ್ಲಿ ಹಾರೋ ಹತ್ತಿಯಿಂದ ಪಾಳಿ ಮುಗಿಯೋ ಹೊತ್ತಿಗೆ ಎಲ್ಲರ ಹುಬ್ಬೂ ಬೆಳ್ಳಗಾಗಿರ್ತಿತ್ತಂತೆ. ಇದನ್ನ ಇಷ್ಟು ವರ್ಷ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಪ್ಪ ಈಗ ಒತ್ತಿ ತಿಕ್ಕೋದು ಬಿಟ್ಟಿದಾರೆ, ಟವೆಲಿನ ತೂಕವಷ್ಟೇ ಬಿಟ್ಟು ಎಳೀತಾರೆ. ನನಗಿಂತ ನಿಧಾನ, ನನಗಿಂತ ಚೆನ್ನಾಗಿ. ಹಳೇ ಗೀರುಗಳು ಹಾಗೇ ಇವೆ, ಮತ್ತೆ ಪಾಲಿಶ್ ಮಾಡಿಸಿಲ್ಲ. ಹೊಸವು ಅಷ್ಟಾಗಿ ಬಿದ್ದಿಲ್ಲ.

2024ರ ಆಯುಧಪೂಜೆಗೆ ಕಾರಿಗೆ ಬಾಳೆಕಂದು ಕಟ್ಟಿ, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟೆವು. ಬಾನೆಟ್ ಮೇಲೆ ಮೂರು ಬೆರಳಿನ ವಿಭೂತಿ ಎಳೆಯೋ ಮುಂಚೆ ಅಪ್ಪ ಒಂದು ಕ್ಷಣ ನಿಂತು ನನ್ನ ಕಡೆ ನೋಡಿದರು. "ಎಳೀರಿ ಅಪ್ಪ" ಅಂದೆ. ವಿಭೂತಿಯನ್ನ ನೀರಲ್ಲಿ ನುಣ್ಣಗೆ ಕಲೆಸಿಟ್ಟುಕೊಂಡಿದ್ದರು, ಒಂದು ಹರಳೂ ಇರಲಿಲ್ಲ. ಆಮೇಲೆ ಟವೆಲ್ಲಿನ ಬಕೆಟ್ಟನ್ನೂ ತಂದು ಕಾರಿನ ಮುಂದಿಟ್ಟು, ಗಿರಣಿಯಲ್ಲಿ ಮೆಷಿನ್ನುಗಳಿಗೆ ಇಡ್ತಿದ್ದ ಹಾಗೆ, ಮೇಲಿದ್ದ ಹಸಿರು ದಾರದ ಟವೆಲ್ಲಿಗೆ ದೊಡ್ಡದಾಗಿ ಕುಂಕುಮ ಇಟ್ಟರು. ಅದು ಎಷ್ಟು ಒಗೆದರೂ ಹೋಗಲಿಲ್ಲ. ಅಮ್ಮ ಹಸಿರು ದಾರ ಬಿಚ್ಚಿ ಕೆಂಪು ಹಾಕಿದಳು, ಈಗ ಅದು ಚಕ್ರಕ್ಕೆ.